ಅಗ್ನಿಯ ಪಾಲಿನ ನೀರು

2025ರ ಅಕ್ಟೋಬರ್ 20ರ ರಾತ್ರಿ, ದೀಪಾವಳಿಯ ಹಣತೆಗಳು ಇನ್ನೂ ಉರಿಯುತ್ತಿದ್ದಾಗ, ನವಿ ಮುಂಬಯಿಯ ವಾಶಿಯಲ್ಲಿ 14ನೇ ಸೆಕ್ಟರಿನ ಬಹುಮಹಡಿಯ ವಸತಿ ಕಟ್ಟಡವೊಂದಕ್ಕೆ ಬೆಂಕಿ ತಗುಲಿ ನಾಲ್ವರು ಮಡಿದರು. 10ನೇ ಮಹಡಿಯಲ್ಲಿ ಹೊತ್ತಿದ ಉರಿ ಮೇಲಿನ ಎರಡು ಮಹಡಿಗಳಿಗೆ ಏರಿತು. ಮಡಿದವರಲ್ಲಿ ಆರು ವರ್ಷದ ಹೆಣ್ಣುಮಗುವೂ ಇದ್ದಿತು. ಅದೇ ಹಬ್ಬದ ಗಡಿಬಿಡಿಯಲ್ಲಿ ಕಾಮೋಠೆಯ ಇನ್ನೊಂದು ಕಟ್ಟಡದಲ್ಲಿ ತಾಯಿ ಮಗಳಿಬ್ಬರು ಬೆಂಕಿಗೆ ತುತ್ತಾದರು. ಇದಕ್ಕೆ ಮೊದಲು, 2024ರ ಜನವರಿಯಲ್ಲಿ ಡೊಂಬಿವಲಿಯ ಖೋಣಿ ಕಡೆಯ ಪಲಾವಾ ವಸಾಹತಿನಲ್ಲಿಯೂ, ಅದೇ ವರ್ಷ ನವೆಂಬರಿನಲ್ಲಿ ಕಲ್ಯಾಣದ ಆಧಾರವಾಡಿಯಲ್ಲಿಯೂ ಎತ್ತರದ ಕಟ್ಟಡಗಳು ಹೊತ್ತಿ ಉರಿದಿದ್ದವು. ಅಲ್ಲಿ ಜೀವಹಾನಿಯಾಗಲಿಲ್ಲವೆಂಬುದೊಂದೇ ಸಮಾಧಾನ.

ಇಂಥ ಪ್ರತಿಯೊಂದು ಅನಾಹುತದ ಮರುದಿನವೂ ಒಂದೇ ಪ್ರಶ್ನೆ ಕೇಳಿಬರುತ್ತದೆ: ಕಟ್ಟಡದಲ್ಲಿ ಅಗ್ನಿಶಾಮಕ ವ್ಯವಸ್ಥೆಯಿತ್ತೆ, ಛಾವಣಿಯಲ್ಲಿ ಸ್ಪ್ರಿಂಕ್ಲರುಗಳಿದ್ದವೆ? ಮೇಲೆ ಹೇಳಿದ ಕಟ್ಟಡಗಳ ವಿಚಾರಣೆ ನಮ್ಮ ಕೆಲಸವಲ್ಲ. ಆದರೆ ಠಾಣೆಯಿಂದ ಕಲ್ಯಾಣದ ವರೆಗೆ, ಐರೋಲಿಯಿಂದ ತಳೋಜಾದ ವರೆಗೆ ನೆಲಸಿರುವ ನಮ್ಮ ವಾಚಕರು ಕೇಳಬೇಕಾದ ಪ್ರಶ್ನೆ ಇದಕ್ಕಿಂತ ಒಂದು ಹೆಜ್ಜೆ ಮುಂದಿನದೆಂದು ನಮ್ಮ ಅಭಿಪ್ರಾಯ. ಕೊಳವೆ ಇದೆ, ಗುಂಡಿ ಇದೆ, ಪಂಪೂ ಇದೆ; ಅವುಗಳ ಹಿಂದೆ ನೀರಿದೆಯೆ?

ಸ್ಪ್ರಿಂಕ್ಲರ್ ಎಂಬುದರ ಬಗ್ಗೆ ನಮ್ಮವರಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ಸಿನೆಮಾದಲ್ಲಿ ತೋರಿಸುವಂತೆ ಯಾರೋ ಸಿಗರೇಟು ಹೊತ್ತಿಸಿದೊಡನೆ ಇಡೀ ಕಟ್ಟಡದಲ್ಲಿ ಮಳೆ ಸುರಿಯುವುದಿಲ್ಲ. ಪ್ರತಿಯೊಂದು ಗುಂಡಿಯ ಬಾಯಿಯಲ್ಲಿ ದ್ರವ ತುಂಬಿದ ಚಿಕ್ಕ ಗಾಜಿನ ಬುರುಡೆಯಿರುತ್ತದೆ. ಸಾಮಾನ್ಯವಾಗಿ ಕಾಣುವ ಕೆಂಪು ಬುರುಡೆ 68 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಒಡೆಯುತ್ತದೆ. ಒಡೆದ ಗುಂಡಿಯಿಂದ ಮಾತ್ರ ನೀರು ಚಿಮ್ಮುತ್ತದೆ. ಬೆಂಕಿಯ ನೆತ್ತಿಯ ಮೇಲಿರುವ ಒಂದೆರಡು ಗುಂಡಿಗಳು ತೆರೆದು, ಅಗ್ನಿಶಾಮಕ ದಳದ ಗಾಡಿ ಬರುವ ವರೆಗೆ ಉರಿಯನ್ನು ಒಂದೇ ಕೋಣೆಯಲ್ಲಿ ಹಿಡಿದಿಟ್ಟರೆ ಅದರ ಕೆಲಸ ಮುಗಿಯಿತು. ಯಾರೂ ಎಚ್ಚರವಿರದ ರಾತ್ರಿಯಲ್ಲಿ ಎಚ್ಚರವಿರುವ ಕಾವಲುಗಾರ ಅದೊಂದೇ.

ಈ ಉಪಕರಣ ಹುಟ್ಟಿದ್ದು ವಾಸದ ಮನೆಗಳಿಗಾಗಿ ಅಲ್ಲ. 1874ರಲ್ಲಿ ಅಮೇರಿಕೆಯ ಹೆನ್ರಿ ಪಾರ್ಮಲೀ ಎಂಬವನು ತನ್ನ ಪಿಯಾನೋ ಕಾರಖಾನೆಯ ರಕ್ಷಣೆಗಾಗಿ ಇದನ್ನು ರಚಿಸಿದ. ಅನಂತರ ಲ್ಯಾಂಕಶೈರಿನ ಹತ್ತಿಗಿರಣಿಗಳು ಇದನ್ನು ಎತ್ತಿಕೊಂಡವು. ಅಲ್ಲಿಯ ಗಿರಣಿಗಳು ತಮ್ಮ ಗೋಪುರದ ತುದಿಯಲ್ಲಿ ಸ್ವಂತ ಟಾಂಕಿ ಕಟ್ಟಿಸಿ, ಬೆಂಕಿಯ ಪಾಲಿನ ನೀರನ್ನು ಅಲ್ಲಿ ಕಾದಿರಿಸುತ್ತಿದ್ದವು. ಊರ ನಳವನ್ನು ನಂಬಿ ಬೆಂಕಿಯನ್ನು ಎದುರಿಸಲಾಗದೆಂಬುದು ಗಿರಣಿಯವರಿಗೆ ನೂರು ವರ್ಷಗಳಿಗೂ ಹಿಂದೆಯೇ ಗೊತ್ತಿದ್ದಿತು. ನಮ್ಮ ಪರಳ, ಲಾಲಬಾಗದ ಗಿರಣಿಗಳೂ ಅಂಗಳದಲ್ಲಿ ಕೆರೆ ತೋಡಿಸಿಕೊಂಡಿದ್ದನ್ನು ಹಿರಿಯ ವಾಚಕರು ನೋಡಿದ್ದಾರೆ.

ಇನ್ನು ನಮ್ಮ ಬಿಡಾರಗಳ ಸ್ಥಿತಿಯನ್ನು ನೋಡೋಣ. ಮುಂಬಯಿಯ ದಾಹ ತಣಿಸುವ ಭಾತ್ಸಾ, ತಾನಸಾ ಜಲಾಶಯಗಳಿರುವುದು ಠಾಣೆ ಜಿಲ್ಲೆಯ ನೆಲದಲ್ಲಿ. ಆದರೆ ಅದೇ ಜಿಲ್ಲೆಯ ಘೋಡ್‌ಬಂದರ್ ಮಾರ್ಗದ ಹೊಸ ವಸಾಹತುಗಳು ಟ್ಯಾಂಕರಿನ ದಾರಿ ಕಾಯುತ್ತ ಬಂದಿವೆ. ಅಲ್ಲಿ ನೀರಿನ ಅಭಾವ ಎಷ್ಟಿತ್ತೆಂದರೆ 2017ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವೇ ನಡುವೆ ಬಂದು ಆ ಮಾರ್ಗದ ಹೊಸ ಕಟ್ಟಡಗಳಿಗೆ ಕೆಲಕಾಲ ತಡೆ ಹಾಕಿತು. ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆಗೆ 2015ರಲ್ಲಿ ಪುನಃ ಸೇರಿಸಲ್ಪಟ್ಟ 27 ಹಳ್ಳಿಗಳಲ್ಲಿ ಕಟ್ಟಡಗಳು ಎದ್ದ ವೇಗಕ್ಕೆ ನಳಗಳು ಬರಲಿಲ್ಲ. 2022ರ ಮೇ ತಿಂಗಳಲ್ಲಿ ಡೊಂಬಿವಲಿ ಬಳಿಯ ಸಂದಪ ಗ್ರಾಮದಲ್ಲಿ ಮನೆಯಲ್ಲಿ ನೀರಿಲ್ಲದೆ ಬಟ್ಟೆ ಒಗೆಯಲು ಕಲ್ಲುಗಣಿಯ ಹೊಂಡಕ್ಕೆ ಹೋದ ಒಂದೇ ಕುಟುಂಬದ ಐವರು ಮುಳುಗಿ ಸತ್ತರು. ನವಿ ಮುಂಬಯಿ ಮಹಾನಗರಪಾಲಿಕೆಗೆ ಮೋರ್ಬೆ ಅಣೆಕಟ್ಟು ಸ್ವಂತದ್ದಾಗಿರುವುದರಿಂದ ವಾಶಿ, ನೆರೂಳಗಳ ಪಾಡು ಉತ್ತಮ. ಖಾರಘರ, ತಳೋಜಾಗಳಿಗೆ ಆ ಭಾಗ್ಯವಿಲ್ಲ.

ಹೀಗಿರುವಲ್ಲಿ ಕಾನೂನು ಏನು ಕೇಳುತ್ತದೆ? ಮಹಾರಾಷ್ಟ್ರದ ಅಗ್ನಿ ಪ್ರತಿಬಂಧಕ ಹಾಗೂ ಜೀವರಕ್ಷಕ ಉಪಾಯಗಳ ಕಾಯಿದೆ 2006ರದ್ದು. ಜಾರಿಗೆ ಬಂದದ್ದು 2008ರ ಡಿಸೆಂಬರಿನಲ್ಲಿ. ಅದರಂತೆ ಹೊಣೆ ಕಟ್ಟಡದ ಮಾಲಿಕನದು ಅಥವಾ ಅಲ್ಲಿ ವಾಸಿಸುವವನದು. ಬಿಲ್ಡರನು ಕೈತೊಳೆದುಕೊಂಡು ಹೋದಮೇಲೆ ಆ ಭಾರ ಗೃಹನಿರ್ಮಾಣ ಸಹಕಾರಿ ಸಂಘದ ಹೆಗಲಿಗೆ, ಎಂದರೆ ಬಹುಮಟ್ಟಿಗೆ ಅದರ ಕಾರ್ಯದರ್ಶಿಯಾಗಿ ಸಂಜೆಯ ವೇಳೆ ಉಚಿತವಾಗಿ ದುಡಿಯುವ ನಮ್ಮಂಥ ಗುಮಾಸ್ತನೊಬ್ಬನ ಹೆಗಲಿಗೆ, ಬೀಳುತ್ತದೆ. ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈಯಲ್ಲಿ, ಪರವಾನಿಗೆ ಪಡೆದ ಸಂಸ್ಥೆಯಿಂದ ಎಲ್ಲವೂ ಸುಸ್ಥಿತಿಯಲ್ಲಿದೆಯೆಂಬ 'ಬಿ' ನಮೂನೆಯ ಪ್ರಮಾಣಪತ್ರ ಪಡೆದು ಸಲ್ಲಿಸಬೇಕು. ರಾಷ್ಟ್ರೀಯ ಕಟ್ಟಡ ಸಂಹಿತೆ ಎತ್ತರಕ್ಕೂ ಬಗೆಗೂ ಅನುಸಾರವಾಗಿ ನೀರಿನ ಪ್ರಮಾಣವನ್ನು ಗೊತ್ತುಮಾಡಿದೆ. ಅದು ಹತ್ತಾರು ಸಾವಿರ ಲೀಟರಿನಿಂದ ಲಕ್ಷ ಲೀಟರಿನ ಆಚೆಗೂ ಹೋಗುತ್ತದೆ. ಆ ನೀರು ಎಲ್ಲಿಂದ ಬರಬೇಕೆಂಬ ಚಿಂತೆ ಮಾತ್ರ ಕಾನೂನಿನದಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ನೂರು ಮನೆಗಳ ಕಟ್ಟಡ, ಮನೆಗೆ ಐವರು, ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಸರಕಾರದ ಮಾನದಂಡ. ಒಟ್ಟು 67,500 ಲೀಟರ್. ಅದೇ ಕಟ್ಟಡದ ನೆಲದಡಿಯಲ್ಲಿ ಬೆಂಕಿಗೆಂದು 75,000 ಲೀಟರಿನ ಟಾಂಕಿ ಇದೆಯೆನ್ನಿ. ಅಂದರೆ ಅಗ್ನಿಯ ಪಾಲು ಇಡೀ ಕಟ್ಟಡದ ಹೆಚ್ಚುಕಡಿಮೆ ಒಂದು ದಿನದ ನೀರು! ಏಪ್ರಿಲ್ ತಿಂಗಳಲ್ಲಿ ನಳ ಎರಡು ದಿನ ಬಾರದಿದ್ದಾಗ, ಟ್ಯಾಂಕರಿನವನು ನಾಳೆ ಎಂದಾಗ, ಹಾಲುಗೂಸಿನ ತಾಯಂದಿರು ಕಾರ್ಯದರ್ಶಿಯ ಬಾಗಿಲು ತಟ್ಟಿದಾಗ, ಆ ಟಾಂಕಿಯ ಮುಚ್ಚಳ ತೆಗೆಯದ ಕಾರ್ಯದರ್ಶಿ ಯಾವನು? ಅವನು ತೆಗೆಯುತ್ತಾನೆ. ತೆಗೆದುದಕ್ಕೆ ಯಾರೂ ಅವನನ್ನು ಬಯ್ಯುವುದಿಲ್ಲ. ಮೇ ತಿಂಗಳ ಹೊತ್ತಿಗೆ ಅದು ಎರಡನೆಯ ಮನೆಬಳಕೆಯ ಟಾಂಕಿಯಾಗಿ ಹೋಗಿರುತ್ತದೆ, ಮತ್ತು ಛಾವಣಿಯಲ್ಲಿನ ಗುಂಡಿಗಳು ಒಣಗಿದ ಕೊಳವೆಗೆ ತೂಗಿದ ಅಲಂಕಾರಗಳಾಗುತ್ತವೆ.

ಇದಕ್ಕೆ ಪರಿಹಾರ ಉಪದೇಶವಲ್ಲ. ಬಾಯಾರಿದವನಿಗೆ ಬೆಂಕಿಯ ಭಯ ತೋರಿಸಿ ನೀರನ್ನು ಮುಟ್ಟಬೇಡವೆನ್ನುವುದು ನ್ಯಾಯವೂ ಅಲ್ಲ, ನಡೆಯುವ ಮಾತೂ ಅಲ್ಲ. ಪರಿಹಾರವಿರುವುದು ಕೊಳವೆ ಜೋಡಿಸುವ ಕ್ರಮದಲ್ಲಿ. ನೀರು ನಳದಿಂದ ಬರಲಿ, ಟ್ಯಾಂಕರಿನಿಂದ ಬರಲಿ, ಕೊಳವೆ ಬಾವಿಯಿಂದಲೇ ಬರಲಿ, ಮೊದಲು ಬೆಂಕಿಯ ಟಾಂಕಿಗೆ ಬೀಳಬೇಕು. ಅದು ತುಂಬಿ, ಅಂಚಿನ ಹತ್ತಿರದ ಕಿಂಡಿಯ ಮೂಲಕ ಹೊರಚೆಲ್ಲಿದ ನೀರು ಪಕ್ಕದ ಮನೆಬಳಕೆಯ ಟಾಂಕಿಗೆ ಹೋಗಬೇಕು. ಹೀಗೆ ಮಾಡಿದಲ್ಲಿ ಬೆಂಕಿಯ ನೀರು ನಿಂತು ನಾರುವುದಿಲ್ಲ, ದಿನವೂ ಹೊಸದಾಗುತ್ತದೆ. ಜನರ ಪಾಲಿಗೂ ಒಂದು ಹನಿ ನಷ್ಟವಿಲ್ಲ. ಮಾಳಿಗೆಯ ಮೇಲೆ ಒಂದೇ ಟಾಂಕಿ ಇರುವಲ್ಲಿ, ಮನೆಗಳಿಗೆ ಇಳಿಯುವ ಕೊಳವೆಯನ್ನು ಟಾಂಕಿಯ ತಳದಿಂದ ತೆಗೆಯದೆ ಎತ್ತರದಿಂದ ತೆಗೆದು, ಬೆಂಕಿಯ ಕೊಳವೆಯೊಂದನ್ನೇ ತಳದಿಂದ ತೆಗೆಯತಕ್ಕದ್ದು. ಮನೆಯ ನಳ ಒಣಗಿದಾಗಲೂ ಕೆಳಗೆ ಉಳಿದಿರುವುದು ಬೆಂಕಿಯ ನೀರು. ಅದನ್ನು ಕದಿಯಬೇಕೆಂದರೂ ಕೊಳವೆ ಕೊಡುವುದಿಲ್ಲ.

ಈ ಕ್ರಮ ಹೊಸದಲ್ಲ, ಸಂಹಿತೆಗೆ ಒಪ್ಪಿದ್ದೇ. ಅನೇಕ ಕಟ್ಟಡಗಳು ಹೀಗೆಯೇ ಕಟ್ಟಲ್ಪಟ್ಟಿರುತ್ತವೆ. ಕೆಡುವುದು ಅನಂತರ: ಅಭಾವದ ವರ್ಷವೊಂದರಲ್ಲಿ ಪ್ಲಂಬರನನ್ನು ಕರೆಸಿ ಎರಡು ಟಾಂಕಿಗಳ ನಡುವಿನ ಗೋಡೆಗೆ ಬುಡದಲ್ಲಿ ತೂತು ಕೊರೆಸುತ್ತಾರೆ, ಅಥವಾ ಟ್ಯಾಂಕರಿನ ಪೈಪನ್ನು ನೇರವಾಗಿ ಮನೆಬಳಕೆಯ ಟಾಂಕಿಗೆ ಇಳಿಬಿಡುತ್ತಾರೆ. ಆ ತೂತು ಮುಚ್ಚಲು ಒಂದು ಚೀಲ ಸಿಮೆಂಟು ಸಾಕು. ಖರ್ಚೆನಿಸುವುದು ಮೊದಲ ಸಲ ತುಂಬುವಾಗ ಮಾತ್ರ. 75,000 ಲೀಟರ್ ಎಂದರೆ ಹತ್ತು ಸಾವಿರ ಲೀಟರಿನ ಏಳೂವರೆ ಟ್ಯಾಂಕರುಗಳು, ನೂರು ಮನೆಗೆ ಹಂಚಿದರೆ ಮನೆಗೆ 750 ಲೀಟರ್. ಮಳೆಗಾಲದಲ್ಲಾದರೆ ಅದೂ ಬೇಡ. ಈ ಪ್ರದೇಶಕ್ಕೆ ವರ್ಷದಲ್ಲಿ ಸುಮಾರು 2,500 ಮಿಲಿಮೀಟರ್ ಮಳೆ ಬೀಳುತ್ತದೆ. 500 ಚದರ ಮೀಟರಿನ ಮಾಳಿಗೆಯ ಮೇಲೆ 100 ಮಿಲಿಮೀಟರ್ ಬಿದ್ದ ಒಂದೇ ದಿನ 50,000 ಲೀಟರ್ ನೀರು ಗಟಾರಕ್ಕೆ ಹರಿದುಹೋಗುತ್ತದೆ. ಅದನ್ನು ಶೋಧಿಸಿ ಬೆಂಕಿಯ ಟಾಂಕಿಗೆ ತಿರುಗಿಸುವುದು ಅಸಾಧ್ಯವೇನಲ್ಲ. ಆದರೆ ಅದೇ ಟಾಂಕಿಯಿಂದ ಕುಡಿಯುವ ನೀರೂ ಹೊರಚೆಲ್ಲುವಂತಿದ್ದರೆ ಮಳೆನೀರಿಗೆ ಬೇರೆ ದಾರಿ ಮಾಡಬೇಕು.

ಕೊಳವೆ ಬಾವಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಖಾಡಿಯ ಸಮೀಪದ ಬಾವಿಗಳ ನೀರು ಉಪ್ಪಾಗಿರುವಲ್ಲಿ ಕಬ್ಬಿಣದ ಕೊಳವೆಗಳನ್ನು ಒಳಗಿಂದ ತಿನ್ನುತ್ತದೆ, ಕಿಟ್ಟ ಗುಂಡಿಯ ಬಾಯಿಗೆ ಕಟ್ಟಿಕೊಳ್ಳುತ್ತದೆ. ಹೊರಗಿನಿಂದ ಕೆಂಪು ಬಣ್ಣ ಬಳಿದು ಮಿರುಗುವ ಕೊಳವೆ ಒಳಗೆ ಹೇಗಿದೆಯೆಂದು ನೋಡದೆ ಪ್ರಮಾಣಪತ್ರಕ್ಕೆ ಸಹಿ ಹಾಕುವವರಿಗೆ ಹಣ ಕೊಡುವುದು ವ್ಯರ್ಥ. (ಮನೆಗೆ ಬಣ್ಣ ಹೊಡೆಸುವಾಗ ಗುಂಡಿಗಳಿಗೂ ಬಣ್ಣ ಬಳಿಸುವವರಿದ್ದಾರೆ. ಬಣ್ಣ ಮೆತ್ತಿದ ಬುರುಡೆ ಹೊತ್ತಿಗೆ ಸರಿಯಾಗಿ ಒಡೆಯುವುದಿಲ್ಲ.)

ನೀರಿದ್ದರೂ ಅದನ್ನು ಏರಿಸಲು ವಿದ್ಯುತ್ತು ಬೇಕು. ಬೆಂಕಿ ಹೊತ್ತಿದೊಡನೆ ಮಾಡುವ ಮೊದಲ ಕೆಲಸವೇ ಮುಖ್ಯ ಸ್ವಿಚ್ಚು ಇಳಿಸುವುದು. ಅಗ್ನಿಶಾಮಕ ಪಂಪಿನ ತಂತಿಯೂ ಅದೇ ಸ್ವಿಚ್ಚಿನಿಂದ ಹೊರಟಿದ್ದರೆ ಕಟ್ಟಡ ತನ್ನ ನೀರನ್ನು ತಾನೇ ನಿಲ್ಲಿಸಿಕೊಂಡಂತಾಯಿತು. ಪಂಪಿಗೆ ಪ್ರತ್ಯೇಕ ಲೈನು ಇರಬೇಕು, ಅದರ ಜೊತೆಗೆ ಡೀಸೆಲ್ ಪಂಪು. 2020ರ ಅಕ್ಟೋಬರ್ 12ರಂದು ಮುಂಬಯಿ, ಠಾಣೆ, ನವಿ ಮುಂಬಯಿಗಳಲ್ಲೆಲ್ಲ ತಾಸುಗಟ್ಟಲೆ ವಿದ್ಯುತ್ತು ಹೋದದ್ದು ವಾಚಕರಿಗೆ ನೆನಪಿರಬಹುದು. ಅಗ್ನಿಶಾಮಕ ದಳದ ಗಾಡಿ ಬರುತ್ತದಲ್ಲ ಎಂದರೆ, 4,500 ಲೀಟರ್ ಹೊತ್ತು ತಂದ ಗಾಡಿ ನಿಮಿಷಕ್ಕೆ 900 ಲೀಟರಿನಂತೆ ಸುರಿದರೆ ಐದು ನಿಮಿಷಕ್ಕೆ ಬರಿದು. ಆಮೇಲೆ ಅದು ನೀರಿಗಾಗಿ ನೋಡುವುದು ಕಟ್ಟಡದ ಟಾಂಕಿಯನ್ನೇ. ಗೇಟಿನ ಬಳಿಯಿರುವ ಅದರ ಬಾಯಿಗೆ ಅಡ್ಡವಾಗಿ ಯಾರದೋ ಕಾರು ನಿಂತಿರಬಾರದು.

ಇಷ್ಟು ಹೊತ್ತು ಆಡಿದ್ದು ದೊಡ್ಡ ಕಟ್ಟಡದ ಮಾತು. ಆದರೆ ನಮ್ಮ ವಾಚಕರಲ್ಲಿ ಬಹುಜನ ಇಂಥ ಕಟ್ಟಡಗಳಲ್ಲಿಲ್ಲ. ಅವರು ಇರುವುದು ಹಳೆಯ ನಾಲ್ಕು ಮಾಳಿಗೆಯ ಕಟ್ಟಡಗಳಲ್ಲಿ, ಚಾಳಿನ ಖೋಲಿಗಳಲ್ಲಿ. ಕೆಲವರು, ಡೊಂಬಿವಲಿಯಲ್ಲಿ 2024ರಲ್ಲಿ ಉಚ್ಚ ನ್ಯಾಯಾಲಯ ಕೆಡವಲು ಆಜ್ಞಾಪಿಸಿದ 65 ಅನಧಿಕೃತ ಕಟ್ಟಡಗಳಂಥವುಗಳಲ್ಲಿ ಆಯುಷ್ಯದ ಉಳಿತಾಯ ಹೂಡಿ ಕುಳಿತವರು. ಹೋಟೆಲಿನಲ್ಲಿ ದುಡಿಯುವ ಹುಡುಗರೋ, ರಾತ್ರಿ ಬಾಗಿಲು ಹಾಕಿದ ಮೇಲೆ ಅಂಗಡಿಯ ಅಟ್ಟದ ಮೇಲೆ ಚಾಪೆ ಹಾಸುತ್ತಾರೆ. 2017ರ ಡಿಸೆಂಬರ್ 18ರ ನಸುಕಿನಲ್ಲಿ ಮುಂಬಯಿಯ ಸಾಕಿನಾಕಾದ ಖೈರಾನಿ ರಸ್ತೆಯ ಫರಸಾಣ ಅಂಗಡಿಯೊಂದಕ್ಕೆ ಬೆಂಕಿ ಬಿದ್ದಾಗ ಒಳಗೆ ಮಲಗಿದ್ದ 12 ಮಂದಿ ಕೆಲಸಗಾರರು ಸತ್ತರು. ಅವರು ನಮ್ಮ ಮಾಣಿಗಳಂತೆಯೇ ಊರು ಬಿಟ್ಟು ಬಂದವರು, ದುಡಿದ ಜಾಗದಲ್ಲೇ ಮಲಗಿದವರು. ಅಂಥ ಅಟ್ಟಕ್ಕೆ ಯಾವ ಸಂಹಿತೆಯ 75,000 ಲೀಟರು?

ಇಲ್ಲಿ ಹೊರದೇಶದ ಒಂದು ಅನುಭವ ಉಪಯುಕ್ತವೆಂದು ತೋರುತ್ತದೆ. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2011ರ ಜನವರಿಯಿಂದ ಹೊಸದಾಗಿ ಕಟ್ಟುವ ಒಂದು ಅಥವಾ ಎರಡು ಕುಟುಂಬಗಳ ಮನೆಗಳಿಗೂ ಸ್ಪ್ರಿಂಕ್ಲರ್ ಕಡ್ಡಾಯ. ಅಲ್ಲಿಯ ಹಳ್ಳಿಗಾಡಿನ ಮನೆಗಳಿಗೂ ಊರ ನಳವಿಲ್ಲ. ಬಾವಿಯ ನೀರು, ಕೆಲವೆಡೆ ಟ್ಯಾಂಕರಿನ ನೀರು. ಅವರು ಸಣ್ಣ ಮನೆಗಳಿಗಾಗಿ ರಚಿಸಿಕೊಂಡ ನಿಯಮ ಸರಳವಾದದ್ದು: ಎರಡು ಗುಂಡಿಗಳು ಹತ್ತು ನಿಮಿಷ ಸುರಿಯುವಷ್ಟು ನೀರು ಮನೆಯಲ್ಲೇ ಸಂಗ್ರಹವಿರಬೇಕು. ಗುಂಡಿಯೊಂದಕ್ಕೆ ನಿಮಿಷಕ್ಕೆ 50 ಲೀಟರ್ ಎಂದು ಹಿಡಿದರೆ ಒಟ್ಟು ಒಂದು ಸಾವಿರ ಲೀಟರ್. ನಮ್ಮ ಪ್ರತಿಯೊಂದು ಮಾಳಿಗೆಯ ಮೇಲೂ ಕುಳಿತಿರುವ ಕಪ್ಪು ಪ್ಲಾಸ್ಟಿಕ್ ಟಾಂಕಿ ಅಷ್ಟೇ ಹಿಡಿಯುತ್ತದೆ. ಮಲಗಿದವನು ಎದ್ದು ಹೊರಗೆ ಬರುವಷ್ಟು ಕಾಲವನ್ನು ಆ ಹತ್ತು ನಿಮಿಷ ಕೊಡುತ್ತದೆ. ಆ ನಿಯಮದ ಉದ್ದೇಶ ಕಟ್ಟಡ ಉಳಿಸುವುದಲ್ಲ, ಪ್ರಾಣ ಉಳಿಸುವುದು. ಗುಂಡಿಗೆ ಬೇಕಾದ ಒತ್ತಡ ಐದು ಮೀಟರು ಎತ್ತರದ ನೀರಿಗೆ ಸಮ. ಕೊಳವೆಯ ಘರ್ಷಣೆಗೆಂದು ಇನ್ನಷ್ಟು ಸೇರಿಸಿದರೆ, ನಾಲ್ಕು ಮಾಳಿಗೆಯ ಕಟ್ಟಡದ ನೆಲದಂತಸ್ತಿನ ಅಂಗಡಿಗೆ ಮೇಲಿನ ಟಾಂಕಿಯ ಭಾರವೇ ಸಾಲಬಹುದು. ಮೇಲಂತಸ್ತಿನವರಿಗೆ ಚಿಕ್ಕ ಪಂಪು ಬೇಕು.

ಇದು ನಮ್ಮ ಕಾನೂನಿನ ಬದಲಿಗೆ ಅಲ್ಲವೆಂಬುದನ್ನು ಒತ್ತಿ ಹೇಳಬಯಸುತ್ತೇವೆ. ಎತ್ತರದ ಕಟ್ಟಡದ ಕಾರ್ಯದರ್ಶಿ ಕಪ್ಪು ಟಾಂಕಿಯನ್ನು ತೋರಿಸಿ ಪ್ರಮಾಣಪತ್ರ ಕೇಳಲಾರ. ಕಾಯಿದೆ ಸ್ಪ್ರಿಂಕ್ಲರ್ ಕೇಳದ ಸಣ್ಣ ಜಾಗಗಳಲ್ಲಿ, ಅನುಭವಿ ಎಂಜಿನಿಯರನೊಬ್ಬನಿಂದ ಲೆಕ್ಕ ಹಾಕಿಸಿ, ಹುಡುಗರು ಮಲಗುವ ಅಟ್ಟದ ಮೇಲೂ ಅದರಿಂದ ಇಳಿಯುವ ಏಣಿಯ ಮೇಲೂ ನಾಲ್ಕು ಗುಂಡಿ ಕೂಡಿಸುವುದನ್ನು ಹೋಟೆಲಿನ ಧಣಿಗಳು ಯೋಚಿಸಬೇಕು. ಧಣಿಗಳಲ್ಲಿ ಅನೇಕರು ಒಂದು ಕಾಲಕ್ಕೆ ಅದೇ ಅಟ್ಟದ ಮೇಲೆ ಮಲಗಿದವರೇ ಆಗಿದ್ದಾರೆ. ಅಡಿಗೆಮನೆಯ ಮಾತು ಬೇರೆ: ಕಾದ ಎಣ್ಣೆಗೆ ನೀರು ತಾಗಿದರೆ ಏನಾಗುತ್ತದೆಂದು ಭಟ್ಟರಿಗೆ ಹೇಳಿಕೊಡಬೇಕಾಗಿಲ್ಲ, ಸೋರುವ ಗ್ಯಾಸಿನ ಉರಿಯನ್ನೂ ನೀರು ಆರಿಸಲಾರದು, ಅಲ್ಲಿ ಸಿಲಿಂಡರಿನ ವಾಲ್ವು ಮುಚ್ಚುವುದೇ ಮೊದಲು. ಹೊರಗಿನಿಂದ ಶಟರಿಗೆ ಬೀಗ ಹಾಕಿ ಹೋಗುವ ಅಭ್ಯಾಸವಿರುವಲ್ಲಿ ಗುಂಡಿ ಎಷ್ಟಿದ್ದರೂ ಪ್ರಯೋಜನವಿಲ್ಲ. ಒಳಗಿನಿಂದ ತೆರೆಯುವ ಒಂದು ಬಾಗಿಲು ಟಾಂಕಿಗಿಂತಲೂ ಮೊದಲು ಬೇಕು.

ಸ್ವಂತ ಅಣೆಕಟ್ಟಿಲ್ಲದ ಉಪನಗರಕ್ಕೆ ಎತ್ತರದ ಕಟ್ಟಡಗಳ ಅನುಮತಿ ಕೊಡುವಾಗ ನೀರಿನ ಲೆಕ್ಕವನ್ನು ಮಹಾನಗರಪಾಲಿಕೆಗಳು ಕೇಳುತ್ತವೆ. ಟ್ಯಾಂಕರಿನ ನೀರನ್ನೇ ನಂಬಿದ ಕಟ್ಟಡಕ್ಕೆ ವಾಸದ ಪರವಾನಿಗೆ ಕೊಡುವ ಮುಂಚೆ ಬೆಂಕಿಯ ಟಾಂಕಿ ಮೊದಲು ತುಂಬುವಂತೆ ಕೊಳವೆ ಜೋಡಿಸಿದೆಯೆ ಎಂದು ಸ್ಥಳದಲ್ಲೇ ನೋಡುವುದು ಅಧಿಕಾರಿಗಳಿಗೆ ಅರ್ಧ ತಾಸಿನ ಕೆಲಸ. 'ಬಿ' ನಮೂನೆಯ ತನಿಖೆಯೂ ಈಗ ಜನವರಿ, ಜುಲೈಗಳಲ್ಲಿ ನಡೆಯುತ್ತದೆ. ಎರಡೂ ನೀರಿನ ಬರ ಕಾಡದ ತಿಂಗಳುಗಳು. ಟಾಂಕಿಯಲ್ಲಿ ಕೋಲು ಇಳಿಸಿ ಅಳೆಯಬೇಕಾದದ್ದು ಮೇ ತಿಂಗಳಲ್ಲಿ. ಕಾನೂನು ಕೇಳದಿದ್ದರೂ ಸಂಘಗಳು ತಾವಾಗಿ ಆ ತಿಂಗಳ ಅಳತೆಯನ್ನು ನೋಟಿಸ್ ಬೋರ್ಡಿನ ಮೇಲೆ ಬರೆಯಬಹುದು.

ಸಹಕಾರಿ ಸಂಘಗಳ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 30ರ ಒಳಗೆ ನಡೆಯಬೇಕು. ಟಾಂಕಿಯ ಗೋಡೆಯ ತೂತು, ಮನೆಯ ಕೊಳವೆಯ ಎತ್ತರ, ಪಂಪಿನ ಪ್ರತ್ಯೇಕ ಲೈನು, ಈ ಮೂರನ್ನು ಸಭೆಯ ವಿಷಯಪತ್ರಿಕೆಗೆ ಸೇರಿಸಲು ಸದಸ್ಯನೊಬ್ಬನ ಲಿಖಿತ ಪತ್ರ ಸಾಕು. ಟಾಂಕಿ ಬರಿದುಮಾಡಿ ಕೆಲಸ ಮಾಡಿಸಿ ಮತ್ತೆ ತುಂಬಿಸಲು ಆ ಮಳೆಯ ತಿಂಗಳೇ ಅನುಕೂಲ. ಮಾರ್ಚಿಗೆ ಮುಂದೂಡಿದರೆ ತುಂಬಲು ನೀರು ಸಿಗುವುದಿಲ್ಲ.